ಅಕ್ಕ ತೋರಿಸಿದ ಅವಲಾನ್

ಲಾಂಗ್ ಬೀಚ್ ಬಂದರು

ಬೈಸನ್ ತೋರಿಸುತ್ತೇನೆ ಬಾ ಎಂದು ಹೇಳಿ ಅಕ್ಕ ನನ್ನನ್ನು ಕ್ಯಾಟಲೀನಾ ದ್ವೀಪಕ್ಕೆ ಹೊರಡಿಸಿದಳು. ಧಾರವಾಡದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಪಶುವೈದ್ಯಳಾಗಿ ದುಡಿದು, ಎಮ್ಮೆ ಎತ್ತುಗಳ ಒದೆ ತಿಂದು ನಿವೃತ್ತಳಾದ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಿರಲಿಲ್ಲ. ನೂರು ವರ್ಷದ ಹಿಂದೆ ಯಾವುದೋ ಮೂಕಿ ಚಿತ್ರದ ಶೂಟಿಂಗಿಗಾಗಿ ಒಂದಿಷ್ಟು ಬೈಸನ್‌ಗಳನ್ನು, ಅಂದರೆ ಅಮೆರಿಕದ ಕಾಡುಕೋಣಗಳನ್ನು, ಆ ದ್ವೀಪಕ್ಕೆ ಸಾಗಿಸಿದ್ದರಂತೆ. ಶೂಟಿಂಗ್ ಮುಗಿದ ಮೇಲೆ ಅವನ್ನು ಮರಳಿ ಕರೆತರುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವುಗಳ ಸಂತತಿ ಇವತ್ತಿಗೂ ಅಲ್ಲಿ ಮೇಯುತ್ತಿದೆ ಎಂದು ಅಕ್ಕ ವರ್ಣಿಸಿದ್ದೇ ತಡ, ನಾನು ಬೂಟು ಹಾಕಿಕೊಂಡು ತಯಾರಾದೆ.

ಅಕ್ಕ ವತ್ಸಲಾ ಸ್ಯಾನ್ ಡಿಯಾಗೊದ ಉತ್ತರಕ್ಕೆ, ರ್ಯಾಂಚೊ ಪೆನಾಸ್ಕಿಟೋಸ್ ಎಂಬಲ್ಲಿ ಇರುತ್ತಾಳೆ. ಊರಿಗೆ ಕುಡಿಯುವ ನೀರು ಒದಗಿಸುವ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ಈ ವರ್ಷವಷ್ಟೇ ನಿವೃತ್ತಳಾದಳು. ಭಾವ ಲಾಕ್‌ಡೌನಿಗೆ ಒಂದು ವರ್ಷ ಮೊದಲು ತೀರಿಕೊಂಡರು. ಮಗಳು ಕೆಲಸದ ಮೇಲೆ ದೂರದ ಬಾಸ್ಟನ್ನಿನಲ್ಲಿದ್ದಾಳೆ. ನಾನು ಮದುವೆಯಾಗಲಿಲ್ಲ, ದನಗಳೇ ಸಾಕು ಎನ್ನಿಸಿತ್ತು. ಹಾಗಾಗಿ ನಾವಿಬ್ಬರೂ ಫೋನಿನಲ್ಲೇ ಒಂದು ಯೋಜನೆ ಹಾಕಿಕೊಂಡಿದ್ದೆವು. ಅಕ್ಕ ಮನೆ ಮಾರಿ ಧಾರವಾಡಕ್ಕೆ ಬರುವುದು, ಇನ್ನು ಮುಂದೆ ಒಟ್ಟಿಗೆ ಇರುವುದು. ಅವಳಿಗೆಂದು ನಾನು ನಮ್ಮ ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸಿದ್ದೆ. ಈ ಸಲ ನಾನು ಅಮೆರಿಕಕ್ಕೆ ಬಂದದ್ದೇ ಅವಳ ಸಾಮಾನು ಕಟ್ಟಲು ಕೈಜೋಡಿಸುವುದಕ್ಕೆ. ಆದರೆ ಬಂದು ಮೂರು ವಾರವಾದರೂ ಒಂದು ಪೆಟ್ಟಿಗೆಯೂ ತುಂಬಿರಲಿಲ್ಲ. ತೆಗೆದ ಪಾತ್ರೆಯನ್ನು ಅಕ್ಕ ಮತ್ತೆ ಅಲ್ಲೇ ಇಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಡೇನಾ ಪಾಯಿಂಟ್ ಎಂಬ ಫಲಕ ಕಂಡಿತು. ಆ ದ್ವೀಪಕ್ಕೆ ಇಲ್ಲಿಂದಲೂ ಹಡಗು ಹೋಗುತ್ತದೆ ಎಂದು ನಾನೇ ಫೋನಿನಲ್ಲಿ ಓದಿದ್ದೆ. ಹತ್ತಿರದ್ದು ಬಿಟ್ಟು ಮುಂದೆ ಯಾಕೆ ಹೋಗುತ್ತಿದ್ದೀ ಎಂದು ಕೇಳಿದರೆ, ಲಾಂಗ್ ಬೀಚಿನಲ್ಲಿ ಪಾರ್ಕಿಂಗ್ ಛಲೋ ಇದೆ ಎಂದಳು. ಇನ್ನೂ ಒಂದು ತಾಸು ಡ್ರೈವ್ ಮಾಡಿದಳು.

ಪಾರ್ಕಿಂಗಿನ ನಿಜವಾದ ಕಾರಣ ಬಂದರಿನ ಕಟಕಟೆಗೆ ಒರಗಿ ನಿಂತಿತ್ತು. ತಲೆಗೆ ಟೊಪ್ಪಿಗೆ, ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಸ್ಟೀಲ್ ಡಬ್ಬಿ. ಅರವತ್ತು ದಾಟಿದ, ಎತ್ತರದ, ಸಣಕಲು ಮನುಷ್ಯ. ಇವರು ಶ್ರೀಕಂಠ ಅವರು, ಲಾಸ್ ಏಂಜಲೀಸಿನ ಉತ್ತರದ ತುದಿಯ ಪೋರ್ಟರ್ ರ್ಯಾಂಚ್‌ನಲ್ಲಿರುತ್ತಾರೆ, ಲಾಕ್‌ಡೌನ್ ಕಾಲದಲ್ಲಿ ಕನ್ನಡ ಪದಬಂಧ ಬಿಡಿಸುವ ಆನ್‌ಲೈನ್ ಗುಂಪಿನಲ್ಲಿ ಪರಿಚಯವಾದವರು ಎಂದು ಅಕ್ಕ ಒಂದೇ ಉಸಿರಿಗೆ ಹೇಳಿ ಟಿಕೆಟ್ಟಿನ ಕಿಟಕಿಯ ಕಡೆಗೆ ನಡೆದುಬಿಟ್ಟಳು. ಅವರು ನನಗೆ ಕೈಮುಗಿದರು. "ಡಾಕ್ಟ್ರೇ, ನಿಮ್ಮ ಬಗ್ಗೆ ತುಂಬಾ ಕೇಳಿದೀನಿ," ಎಂದರು. ಮೈಸೂರಿನ ಮಾತು. ಅವರ ಬಗ್ಗೆ ನಾನು ಒಂದು ಅಕ್ಷರವೂ ಕೇಳಿರಲಿಲ್ಲ.

ಹಡಗು

ಕಾರವಾರದಲ್ಲಿ, ಮಲ್ಪೆಯಲ್ಲಿ ನಾನು ದೋಣಿ ಹತ್ತಿದವಳು. ಸಮುದ್ರ ನನಗೆ ಏನೂ ಮಾಡುವುದಿಲ್ಲ. ಶ್ರೀಕಂಠ ಅವರಿಗೆ ಮಾಡುತ್ತದೆ. ಬಂದರು ದಾಟಿ ಅಲೆ ಏಳತೊಡಗಿದ ಕೂಡಲೇ ಅವರ ಮುಖ ಬಿಳುಚಿತು. ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ದಿಗಂತವನ್ನೇ ನೋಡುತ್ತ ಕುಳಿತರು. ಅಕ್ಕ ತನ್ನ ಕೈಚೀಲದಿಂದ ಶುಂಠಿ ಪೆಪ್ಪರ್‌ಮಿಂಟಿನ ಪೊಟ್ಟಣ ತೆಗೆದು, ಒಂದನ್ನು ಸುಲಿದು ಅವರ ಅಂಗೈಯಲ್ಲಿ ಇಟ್ಟಳು. ಅವರು ನೋಡದೆಯೇ ಬಾಯಿಗೆ ಹಾಕಿಕೊಂಡರು.

ನನ್ನ ಅಕ್ಕನಿಗೆ ಶುಂಠಿಯ ವಾಸನೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಶುಂಠಿ ಹಾಕಿದ ಚಹಾ ಕುಡಿದವಳಲ್ಲ. ಅವಳ ಚೀಲದಲ್ಲಿ ಆ ಪೊಟ್ಟಣ ಅರ್ಧ ಖಾಲಿಯಾಗಿತ್ತು.

ಬಾಯಿಲ್ಲದ ಪ್ರಾಣಿಗಳಿಗೆ ಔಷಧ ಕೊಟ್ಟು ಬದುಕಿದವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎದುರಿಗಿರುವವರು ಏನು ಹೇಳುತ್ತಾರೆ ಎನ್ನುವುದಕ್ಕಿಂತ ಹೇಗೆ ನಿಲ್ಲುತ್ತಾರೆ, ಎಲ್ಲಿ ಭಾರ ಬಿಡುತ್ತಾರೆ ಎಂದು ನೋಡುತ್ತೇವೆ. ಶ್ರೀಕಂಠ ಅವರ ಬಲಮೊಣಕಾಲು ಸರಿಯಿರಲಿಲ್ಲ. ಹಲ್ಲು ಅವರವೇ. ಕಣ್ಣು ಸ್ವಚ್ಛ. ಅಕ್ಕ ಎದ್ದು ಡಾಲ್ಫಿನ್ ನೋಡಲು ಹೊರಗೆ ಹೋದಾಗ ಅವರ ಕತ್ತು ಅವಳು ಹೋದ ದಿಕ್ಕಿಗೆ ತಿರುಗಿತು. ಆಗಲೇ ನನಗೆ ರೋಗನಿದಾನ ಆಗಿಹೋಯಿತು, ಒಪ್ಪಿಕೊಳ್ಳುವ ಮನಸ್ಸಾಗಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ಕುಳಿತು ಬೈಸನ್ ಬಗ್ಗೆ ಯೋಚಿಸಿದೆ.

ಕಡಲ ಬೀದಿ

ಹಡಗು ನಮ್ಮನ್ನು ಇಳಿಸಿದ ಅವಲಾನ್ ಎಂದರೆ ಗುಡ್ಡಗಳ ನಡುವೆ ಅರ್ಧಚಂದ್ರದ ಆಕಾರದಲ್ಲಿ ಕೂತ ಒಂದು ಪುಟ್ಟ ಊರು. ಕೊಲ್ಲಿಯ ತುಂಬ ಬಿಳಿಯ ದೋಣಿಗಳನ್ನು ಸಾಲಾಗಿ ಕಟ್ಟಿದ್ದರು. ಗಾಳಿ ಬೀಸಿದ ಕಡೆಗೆ ಎಲ್ಲವೂ ಒಟ್ಟಿಗೆ ಮೂತಿ ತಿರುಗಿಸುವುದನ್ನು ನೋಡಿ, ಮೇವು ಹಾಕುವ ಹೊತ್ತಿಗೆ ಒಂದೇ ಕಡೆ ನೋಡುವ ಕೊಟ್ಟಿಗೆಯ ಎಮ್ಮೆಗಳು ನೆನಪಾದವು.

ಮೊದಲು ಇಲ್ಲಿ ಮನೆಗಳೇ ಇರಲಿಲ್ಲವಂತೆ. ಲಾಸ್ ಏಂಜಲೀಸಿನ ಜನ ಬೇಸಿಗೆಯಲ್ಲಿ ಹಬೆಹಡಗು ಹತ್ತಿ ಬಂದು, ಸಾಲು ಸಾಲು ಡೇರೆಗಳಲ್ಲಿ ಇದ್ದು ಹೋಗುತ್ತಿದ್ದರು. ಇಂಗ್ಲೆಂಡಿನ ಕಡಲತೀರದ ಹಳೆಯ ವಿಹಾರದ ಊರುಗಳ ಹಾಗೆ ಇದನ್ನೂ ಬೆಳೆಸಿದರು: ಅಡ್ಡಾಡಲು ಕಡಲಿಗುಂಟ ಒಂದು ಬೀದಿ, ನೀರಿನೊಳಕ್ಕೆ ಚಾಚಿದ ಮರದ ಕಟ್ಟೆ, ಕುಣಿಯಲು ಒಂದು ಭವನ. ಹೆಸರೂ ಇಂಗ್ಲೆಂಡಿನ ಒಂದು ಪುರಾತನ ಕಥೆಯ ದ್ವೀಪದ್ದು. ಊರನ್ನು ಕಟ್ಟಲು ಹೊರಟವನಿಗೆ ಹೆಸರು ಹೊಳೆಯದೆ, ಅವನ ಸೋದರಿ ಸೂಚಿಸಿದಳಂತೆ. ಬೀದಿಯ ತುಂಬ ಬಣ್ಣಬಣ್ಣದ ಹೆಂಚಿನ, ಅಂದರೆ ನುಣುಪು ಟೈಲ್ಸಿನ, ಚಿತ್ತಾರ. ಕಾರಂಜಿಗೆ ಹೆಂಚು, ಕುಳಿತುಕೊಳ್ಳುವ ಕಟ್ಟೆಗೆ ಹೆಂಚು, ಅಂಗಡಿಯ ಹೊಸ್ತಿಲ ಮೇಲೂ ಹೆಂಚಿನ ಗಿಳಿ.

ಕಾರುಗಳು ಬಹಳ ಕಡಿಮೆ. ಜನ ಗಾಲ್ಫ್ ಕಾರ್ಟ್ ಎಂಬ, ನಮ್ಮ ಟಂಟಂ ಆಟೋದ ಮೊಮ್ಮಗುವಿನಂಥ ಬಂಡಿಯಲ್ಲಿ ಓಡಾಡುತ್ತಾರೆ. ಅಜ್ಜಿಯರು ಅದರಲ್ಲಿ ತರಕಾರಿ ತರುತ್ತಾರೆ, ಪಾದ್ರಿಯೊಬ್ಬರು ಅದರಲ್ಲಿ ಚರ್ಚಿಗೆ ಹೋಗುತ್ತಿದ್ದರು. ಸಿಹಿನೀರು ದುರ್ಲಭವಾದ್ದರಿಂದ ಊರಿನ ಶೌಚಾಲಯಗಳಿಗೆ ಸಮುದ್ರದ ನೀರನ್ನೇ ಬಿಡುತ್ತಾರೆ. ಇದನ್ನು ವಿವರಿಸುವಾಗ ಅಕ್ಕ ಬಹಳ ಖುಷಿಯಲ್ಲಿದ್ದಳು. ಕೊಳವೆ ತುಕ್ಕು ಹಿಡಿಯುವ ವಿಷಯ, ಎರಡು ಬೇರೆ ಪೈಪ್‌ಲೈನ್ ಹಾಕುವ ವಿಷಯ. ಶ್ರೀಕಂಠ ಅವರು ಪೈಪ್‌ಲೈನಿನ ಕಥೆಯನ್ನು ಪೂರ್ತಿ ಕೇಳಿದರು, ನಡುವೆ ಒಂದು ಪ್ರಶ್ನೆಯನ್ನೂ ಕೇಳಿದರು. ಆ ಕಥೆಯ ಅರ್ಧಕ್ಕೇ ನಾನು ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಂತಿದ್ದೆ.

ನಮ್ಮಲ್ಲಿ ಕಡಲಿಗೆ ಹೋದವರಿಗೆ ಏನಾದರೂ ಕೆಲಸವಿರುತ್ತದೆ. ಗೋಕರ್ಣದಲ್ಲಿ ಮಿಂದು ಅಸ್ಥಿ ಬಿಡುವವರು, ಕಾರವಾರದಲ್ಲಿ ಮೀನಿಗೆ ಬಲೆ ಎಳೆಯುವವರು. ಏನೂ ಇಲ್ಲವೆಂದರೆ ಮಕ್ಕಳನ್ನು ಅಲೆಯಿಂದ ಹಿಂದಕ್ಕೆಳೆದು ಬೈಯುವ ಕೆಲಸ. ಇಲ್ಲಿನವರು ಏನೂ ಮಾಡದೆ ಇರುವುದಕ್ಕೇ ಬಂದಿದ್ದರು, ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದರು. ಒಬ್ಬಾತ ಕುರ್ಚಿಯಲ್ಲಿ ಕೂತು ಕಾಲಿಗೆ ಎಣ್ಣೆ ಸವರಿಕೊಳ್ಳುತ್ತಿದ್ದ. ನಾವು ಬೀದಿಯ ತುದಿ ಮುಟ್ಟಿ ಬಂದಾಗಲೂ ಅದೇ ಕಾಲು, ಅದೇ ಎಣ್ಣೆ.

ಬೈಸನ್ ಎಲ್ಲಿ ಎಂದು ಕೇಳಿದೆ. ಅವು ದ್ವೀಪದ ಒಳಗಡೆ ಗುಡ್ಡಗಳಾಚೆ ಇರುತ್ತವೆ, ಅಲ್ಲಿಗೆ ಬೇರೆ ವಾಹನ ಮೊದಲೇ ಗೊತ್ತು ಮಾಡಿರಬೇಕು ಎಂದು ತಿಳಿಯಿತು. ಗೊತ್ತು ಮಾಡಿದ್ದೀಯಾ ಎಂದರೆ ಅಕ್ಕ ಕಾರಂಜಿಯ ಹೆಂಚನ್ನು ನೋಡತೊಡಗಿದಳು. ಒಂದು ಅಂಗಡಿಯ ಎದುರು ಮರದ ಬೈಸನ್ ನಿಲ್ಲಿಸಿದ್ದರು. ಅದರ ಗೊರಸು ತಪ್ಪಾಗಿ ಕೆತ್ತಿದ್ದರು.

ಜೂಜಿಲ್ಲದ ಕ್ಯಾಸಿನೊ

ಬೀದಿಯ ಕೊನೆಗೆ, ನೀರಿನ ಅಂಚಿನಲ್ಲಿ, ಗುಂಡಗೆ ಬೆಳ್ಳಗೆ ಒಂದು ದೊಡ್ಡ ಕಟ್ಟಡ. ಅದಕ್ಕೆ ಕ್ಯಾಸಿನೊ ಎಂದು ಹೆಸರು. ಜೂಜಿನ ಅಡ್ಡೆಗೆ ನಾನು ಕಾಲಿಡುವುದಿಲ್ಲ ಎಂದು ಬಾಗಿಲ ಬಳಿಯೇ ನಿಂತೆ. ಹಠ ಮಾಡಿದೆ ಎಂದೇ ಹೇಳಬೇಕು. ಶ್ರೀಕಂಠ ಅವರು, ಇಟಲಿಯ ಭಾಷೆಯಲ್ಲಿ ಅದಕ್ಕೆ ಜನ ಸೇರುವ ಮನೆ ಎಂದಷ್ಟೇ ಅರ್ಥ, ಇಲ್ಲಿ ಎಂದೂ ಜೂಜು ನಡೆದಿಲ್ಲ, ಕೆಳಗೆ ಸಿನಿಮಾ ಮಂದಿರ, ಮೇಲೆ ಕುಣಿತದ ಹಾಲು ಎಂದು ಸಮಾಧಾನದಿಂದ ಹೇಳಿದರು. ಒಳಗೆ ಹೋದೆ. ಮೇಲಕ್ಕೆ ಹತ್ತಲು ಮೆಟ್ಟಿಲಿಲ್ಲ, ಇಳಿಜಾರು ದಾರಿ. ಅವರ ಮೊಣಕಾಲಿಗೆ ಅನುಕೂಲವಾಯಿತು.

ಮೇಲಿನ ಹಾಲು ನಮ್ಮೂರ ಕಲ್ಯಾಣಮಂಟಪಗಳು ನಾಚುವಷ್ಟು ವಿಶಾಲ. ಕಂಬವೇ ಇಲ್ಲ. ಮರದ ನೆಲ ಕಾಲಿಗೆ ಕೊಂಚ ಮೆತ್ತಗೆ, ಕುಣಿಯುವವರಿಗೆ ದಣಿವಾಗದಿರಲೆಂದು. ಎಷ್ಟೋ ದಶಕಗಳ ಹಿಂದೆ ಹಡಗು ತುಂಬ ಜನ ಸಂಜೆ ಇಲ್ಲಿ ಕುಣಿಯಲೆಂದೇ ಸಮುದ್ರ ದಾಟಿ ಬರುತ್ತಿದ್ದರು ಎಂದು ಕಟ್ಟಡ ತೋರಿಸುತ್ತಿದ್ದ ಗೈಡ್ ಹೆಂಗಸು ಹೇಳಿದಳು. ಆಮೇಲೆ ಅಲ್ಲಿದ್ದ ದಂಪತಿಗಳನ್ನೆಲ್ಲ ನೆಲದ ನಡುವೆ ಬಂದು ನಿಂತು ನೋಡಿ ಎಂದು ಕರೆದಳು. ಅಕ್ಕನನ್ನೂ ಶ್ರೀಕಂಠ ಅವರನ್ನೂ ನೋಡಿ, ನೀವಿಬ್ಬರೂ ಬನ್ನಿ ಎಂದಳು.

ನಾವು ದಂಪತಿಗಳಲ್ಲ ಎಂದು ಅಕ್ಕ ಹೇಳಲಿಲ್ಲ. ಇಬ್ಬರೂ ಹೋಗಿ ಹಾಲಿನ ನಡುವೆ ನಿಂತರು, ಮೊಳದಷ್ಟು ಅಂತರ ಬಿಟ್ಟು, ಗ್ರೂಪ್ ಫೋಟೋಕ್ಕೆ ನಿಂತವರ ಹಾಗೆ. ಕುಣಿಯಲಿಲ್ಲ. ಅಕ್ಕ ಮಾತ್ರ ನೆಲದ ಮೆತ್ತನೆಯನ್ನು ಪರೀಕ್ಷಿಸುವವಳಂತೆ ಹಿಮ್ಮಡಿ ಒತ್ತಿ ಒತ್ತಿ ನೋಡುತ್ತಿದ್ದಳು. ಮುಖ ಕೆಂಪಾಗಿತ್ತು.

ಗುಡ್ಡದ ಇಳಿಜಾರು

ಊರನ್ನು ಮೇಲಿಂದ ನೋಡೋಣವೆಂದು ಒಂದು ಕಾರ್ಟ್ ಬಾಡಿಗೆಗೆ ಹಿಡಿದೆವು. ಶ್ರೀಕಂಠ ಅವರು ಓಡಿಸಿದರು. ದಾರಿ ಕಡಿದಾಗಿ ಸುತ್ತಿ ಸುತ್ತಿ ಏರುತ್ತದೆ. ಅರ್ಧ ಗುಡ್ಡ ಏರುವಷ್ಟರಲ್ಲಿ ಬಂಡಿ ಒಮ್ಮೆ ಕೆಮ್ಮಿ ನಿಂತಿತು. ಬ್ರೇಕ್ ಹಾಕಿದರು, ಆಕ್ಸಲರೇಟರ್ ಒತ್ತಿದರು, ಮತ್ತೆ ಒತ್ತಿದರು. ಅಲುಗಲಿಲ್ಲ. ಹಿಂದೆ ಬಂದ ಬಂಡಿಗಳು ಒಂದಾದರೂ ಹಾರ್ನ್ ಹಾಕಬಾರದೇ. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಇಳಿದು ಬಂದು ನಾಲ್ಕು ಥರದ ಬುದ್ಧಿ ಹೇಳಿ, ತಳ್ಳಿಯೂ ಕೊಟ್ಟು ಹೋಗುತ್ತಿದ್ದರು. ಇವರು ನಗುತ್ತ ಕೈಬೀಸಿ ಪಕ್ಕದಿಂದ ದಾಟಿ ಹೋದರು. ಅಂಗಡಿಗೆ ಫೋನು ಹತ್ತಲಿಲ್ಲ. ನೀವಿಬ್ಬರೂ ಕೂತಿರಿ, ನಾನೇ ಹೇಳಿ ಬರುತ್ತೇನೆ ಎಂದು ಶ್ರೀಕಂಠ ಅವರು ಕುಂಟುತ್ತ ಇಳಿದು ಹೋದರು. ಮೊಣಕಾಲು ತಗುಲಿ ಕೀಲಿ ಆಫ್ ಆಗಿತ್ತು, ಅಷ್ಟೇ. ಅದು ಗೊತ್ತಾದದ್ದು ಆಮೇಲೆ.

ಕೆಳಗೆ ಇಡೀ ಊರು, ಗುಂಡು ಕಟ್ಟಡ, ದೋಣಿಗಳ ಸಾಲು. ಎದುರಿನ ಗುಡ್ಡದ ಗೋಪುರದಿಂದ ಗಂಟೆಯ ಇಂಪಾದ ನಾದ ಕೇಳಿತು. ಅಕ್ಕ ಮುಂದಿನ ಸೀಟಿನಲ್ಲಿದ್ದಳು, ನಾನು ಹಿಂದೆ. ನನ್ನ ಕಡೆ ತಿರುಗದೆ ಮಾತಾಡಿದಳು.

"ಸುಧಾ, ನಾ ಧಾರವಾಡಕ್ಕ ಬರೂದಿಲ್ಲ."

ಈ ವರ್ಷ ಬರುವುದಿಲ್ಲವೇ ಎಂದು ಕೇಳಿದೆ. ಗೊತ್ತಿದ್ದೂ ಕೇಳಿದೆ.

"ಇರ್ಲಿಕ್ಕೆ ಬರೂದಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗ್ತೀನಿ. ನಾನೂ ಶ್ರೀನೂ ಮದುವಿ ಆಗಬೇಕಂತ ಮಾಡೇವಿ."

ಬೆಳಗಿನ ಶ್ರೀಕಂಠ ಅವರು ಗುಡ್ಡ ಏರುವಷ್ಟರಲ್ಲಿ ಶ್ರೀ ಆಗಿದ್ದರು. ಉಳಿದದ್ದನ್ನು ಅವಳು ತಡೆತಡೆದು ಹೇಳಿದಳು. ಪದಬಂಧದಿಂದ ಶುರುವಾದದ್ದು ದಿನದ ಫೋನಿಗೆ ಬಂದಿತ್ತು. ಅವಳ ಕಣ್ಣಿನ ಪೊರೆಯ ಆಪರೇಷನ್ ಆದಾಗ, ನಾನು ಹೆದರುತ್ತೇನೆಂದು ನನಗೆ ಹೇಳಿರಲಿಲ್ಲವಂತೆ, ಅವರು ಲಾಸ್ ಏಂಜಲೀಸಿನ ಆ ತುದಿಯಿಂದ ಡ್ರೈವ್ ಮಾಡಿಕೊಂಡು ಬಂದು ಆಸ್ಪತ್ರೆಗೆ ಕರೆದೊಯ್ದು, ಮೂರು ದಿನ ಸಾರು ಅನ್ನ ಮಾಡಿ ಹಾಕಿ, ಪಕ್ಕದ ಮನೆಯ ಗುಜರಾತಿ ಆಂಟಿಯ ಅತಿಥಿ ಕೋಣೆಯಲ್ಲಿ ಮಲಗಿ ಹೋಗಿದ್ದರು. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಅವರು ಇನ್ನೂ ಗ್ಲೆಂಡೇಲಿನ ಒಂದು ಟೆಲಿಕಾಂ ಆಫೀಸಿನಲ್ಲಿ ಕೆಲಸದಲ್ಲಿದ್ದಾರೆ. ಬಾಸ್ಟನ್ನಿನ ಮಗಳಿಗೆ ಎಲ್ಲ ಗೊತ್ತು, ಅವಳಿಗೆ ಸಂತೋಷವೇ. ಉಳಿದವರು ನಾನು ಮತ್ತು ನಮ್ಮ ಅಣ್ಣ.

ಅಣ್ಣ ಹುಬ್ಬಳ್ಳಿಯಲ್ಲಿದ್ದಾನೆ. ಅಪ್ಪ ಬೇಗ ಹೋದ್ದರಿಂದ ನಮ್ಮಿಬ್ಬರನ್ನೂ ಓದಿಸಿ, ಅಕ್ಕನ ಮದುವೆಯನ್ನೂ ಮಾಡಿದವನು ಅವನೇ. ಮಾತು ಕಡಿಮೆ; ಇಷ್ಟವಾಗದಿದ್ದರೆ ಅದೂ ಇಲ್ಲ. ಅವನಿಗೆ ಹೇಳುವುದೆಂದರೆ ಅರವತ್ತು ದಾಟಿದ ನನ್ನ ಅಕ್ಕನಿಗೆ ಈಗಲೂ ಅಂಗೈ ಬೆವರುತ್ತದೆ.

"ಅಣ್ಣಗ ಆಮ್ಯಾಲೆ ನೋಡೂಣು. ಮೊದಲ ನೀ ಹೇಳು. ನೀ ಬ್ಯಾಡ ಅಂದ್ರ ನಾ ಇದನ್ನ ಇಲ್ಲಿಗೇ ಬಿಡ್ತೀನಿ."

ಸಿಟ್ಟು ಬಂದದ್ದು ಆ ಮಾತಿಗೆ. ಬರುವುದಿಲ್ಲ ಎಂದದ್ದನ್ನು ತಡೆದುಕೊಂಡಿದ್ದೆ. ಆದರೆ ಬೇಡ ಎನ್ನುವ ಅಧಿಕಾರವನ್ನು ನನ್ನ ಕೈಗೆ ಕೊಟ್ಟು ಅವಳು ಸಮುದ್ರ ನೋಡುತ್ತ ಕುಳಿತಿದ್ದಳು.

"ಬೈಸನ್ ತೋರಸ್ತೀನಿ ಅಂತ ಹೇಳಿ ಕರಕೊಂಡು ಬಂದಿ," ಎಂದೆ. ಇಳಿದು ನಡೆದುಬಿಟ್ಟೆ.

ಓಣಿಗಳು

ಅವಲಾನಿನಲ್ಲಿ ಸಿಟ್ಟು ಮಾಡಿಕೊಂಡು ದೂರ ಹೋಗುವುದು ಸಾಧ್ಯವಿಲ್ಲ. ಊರೇ ಅಷ್ಟು. ಎತ್ತ ನಡೆದರೂ ಇಳಿಜಾರು ಮತ್ತೆ ಕಡಲಿಗೇ ತಂದು ಬಿಡುತ್ತದೆ. ನಾನು ಬೇಕೆಂದೇ ಓಣಿಯಿಂದ ಓಣಿಗೆ ತಿರುಗಿದೆ. ಹಳೆಯ ಡೇರೆಗಳ ಜಾಗದಲ್ಲೇ ಕಟ್ಟಿದ್ದರಿಂದಲೋ ಏನೋ, ಮನೆಗಳು ಕಿರಿದಾಗಿ ಒಂದಕ್ಕೊಂದು ಅಂಟಿಕೊಂಡಿವೆ. ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಒಗ್ಗರಣೆ ಕಾಣುವಷ್ಟು ಹತ್ತಿರ. ಅಮೆರಿಕದಲ್ಲಿ ಮೊದಲ ಸಲ ನನಗೆ ಓಣಿಯ ಸದ್ದು ಕೇಳಿಸಿತು: ರೇಡಿಯೊ, ಪಾತ್ರೆ ತೊಳೆಯುವ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು.

ಒಂದು ಮನೆಯ ಮುಂದೆ ಬಹಳ ವಯಸ್ಸಾದ ಅಜ್ಜಿಯೊಬ್ಬಳು ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ತಂದು ಹೂಗಿಡಕ್ಕೆ ಚೊಂಬಿನಿಂದ ಹಾಕುತ್ತಿದ್ದಳು. ನಮ್ಮ ಧಾರವಾಡದಲ್ಲಿ ನಲ್ಲಿ ನೀರಿಗೆ ಕಾಯುವ ದಿನಗಳಲ್ಲಿ ನಾನೂ ಹೀಗೇ ಮಾಡುತ್ತೇನೆ. ಬಕೆಟ್ಟು ಎತ್ತಲು ಕೈಜೋಡಿಸಿದೆ. ಅವಳು ನನ್ನನ್ನು ಮೆಟ್ಟಿಲ ಮೇಲೆ ಕೂಡಿಸಿ ನಿಂಬೆ ಶರಬತ್ತು ಕೊಟ್ಟಳು. ನೀನು ಸುಸ್ತಾದವಳ ಹಾಗೆ ಕಾಣುತ್ತೀ ಎಂದಳು. ಅಕ್ಕನ ಜೊತೆ ಜಗಳ ಎಂದೆ. ಅಪರಿಚಿತರ ಮುಂದೆ ಎಷ್ಟು ಸುಲಭವಾಗಿ ಬಾಯಿಂದ ಬಂದುಬಿಡುತ್ತದೆ.

ಅವಳು ಜಗಳ ಏನೆಂದು ಕೇಳಲಿಲ್ಲ. ತನ್ನ ಸುದ್ದಿ ಹೇಳಿದಳು. ಈ ಊರಲ್ಲಿ ಕಾರು ಇಟ್ಟುಕೊಳ್ಳಲು ಪರವಾನಗಿ ಬೇಕು, ಅದಕ್ಕೆ ದಶಕಗಟ್ಟಲೆ ಸರದಿ. ಅವಳು ಮತ್ತು ಗಂಡ ಹೊಸದಾಗಿ ಬಂದಾಗಲೇ ಅರ್ಜಿ ಹಾಕಿದ್ದರಂತೆ. ನೀಲಿ ಕಾರು ಎಂದು ಬಣ್ಣವನ್ನೂ ಗೊತ್ತುಮಾಡಿಕೊಂಡಿದ್ದರಂತೆ. ಪರವಾನಗಿ ಬಂದಾಗ ಗಂಡ ಹೋಗಿ ಆಗಿತ್ತು, ಅವಳ ಕಣ್ಣೂ ಮಂಜಾಗಿತ್ತು. ಇದನ್ನು ಅವಳು ನಗುತ್ತಲೇ ಹೇಳಿ, ಮತ್ತೆ ಚೊಂಬು ಎತ್ತಿಕೊಂಡಳು.

ಶರಬತ್ತು ಮುಗಿಸಿ ಎದ್ದೆ. ಸಿಟ್ಟು ಇತ್ತು, ಆದರೆ ಅದು ಯಾರ ಮೇಲೆ ಎನ್ನುವುದು ಸ್ವಲ್ಪ ಗೊಂದಲವಾಗಿತ್ತು.

ಹಸಿರು ಕಟ್ಟೆ

ಕೊಲ್ಲಿಯೊಳಕ್ಕೆ ಚಾಚಿದ ಹಸಿರು ಬಣ್ಣದ ಮರದ ಕಟ್ಟೆಯ ಮೇಲೆ ಬೆಂಚು ಹಿಡಿದು ಕುಳಿತೆ. ಕೆಳಗೆ ತಿಳಿನೀರಿನಲ್ಲಿ ಗೊಂಡೆಹೂವಿನ ಬಣ್ಣದ ಮೀನುಗಳು. ಸ್ವಲ್ಪ ಹೊತ್ತಿಗೆ ಶ್ರೀಕಂಠ ಅವರು ಏದುಸಿರು ಬಿಡುತ್ತ ಬಂದರು. ಊರೆಲ್ಲ ಹುಡುಕಿದರಂತೆ. ಕೀಲಿಯ ವಿಷಯ ಹೇಳಿ ತಾವೇ ನಕ್ಕರು; ನಾನು ನಗಲಿಲ್ಲ. ಕೂರಲೇ ಎಂದು ಕೇಳಿ ಬೆಂಚಿನ ಆ ತುದಿಗೆ ಕುಳಿತರು. ಚೀಲದಿಂದ ಡಬ್ಬಿ ತೆಗೆದು ತೆರೆದು ನಮ್ಮ ನಡುವೆ ಇಟ್ಟರು. ಅವರೇ ಕರಿದ ಕೋಡುಬಳೆ. ಒಂದನ್ನು ಕಚ್ಚಿದೆ. ಎಮ್ಮೆಯ ಹಲ್ಲು ಬೇಕು.

ನಾನು ಒರಟಾಗಿಯೇ ಕೇಳಿದೆ. ಈ ವಯಸ್ಸಿನಲ್ಲಿ ಮದುವೆ ಯಾಕೆ, ಊಟಕ್ಕೆ ತೊಂದರೆಯೇ ಎಂದೆ. ಅವರು ಕೋಡುಬಳೆಯ ಕಡೆ ನೋಡಿ, ತೊಂದರೆ ಇರುವುದು ತಿನ್ನುವವರಿಗೆ, ತಮಗೆ ಮಾಡಲು ಬರುತ್ತದೆ ಎಂದರು. ಆಮೇಲೆ ಟೊಪ್ಪಿಗೆಯ ಅಂಚನ್ನು ತಿರುವುತ್ತ ಹೇಳಿದರು.

"ಡಾಕ್ಟ್ರೇ, ಬೆಳಗ್ಗೆ ಏನೋ ಒಂದು ಓದ್ತೀವಿ, ಇಲ್ಲಾ ಕಿಟಕೀಲಿ ಒಂದು ಹಕ್ಕಿ ನೋಡ್ತೀವಿ. ಇದನ್ನ ಯಾರಿಗಾದ್ರೂ ಹೇಳ್ಬೇಕು ಅನ್ಸುತ್ತಲ್ಲ. ಆ ಯಾರಿಗಾದ್ರೂ ಅನ್ನೋದು ಈಗ ನಿಮ್ಮಕ್ಕ ಆಗಿದಾರೆ. ಇದಕ್ಕಿಂತ ಚೆನ್ನಾಗಿ ಹೇಳಕ್ಕೆ ನಂಗೆ ಬರಲ್ಲ."

ಭಾವ ಹೋದ ಮೇಲೆ ಒಂದು ದಿನವೂ ತಪ್ಪದೆ, ನಮ್ಮ ಬೆಳಗಿನ ಚಹಾದ ಹೊತ್ತಿಗೆ ನಾನು ಅಕ್ಕನಿಗೆ ಫೋನು ಮಾಡುತ್ತೇನೆ. ಅವಳಿಗೆ ಆಗ ಸಂಜೆ. ಹಾಲಿನವನು ಬರಲಿಲ್ಲ ಎನ್ನುವುದನ್ನೂ ಹೇಳುತ್ತೇನೆ.

"ನನಗೂ ಆಕೀನೇ ಅದಾಳ್ರಿ," ಎಂದೆ.

ಸಮಾಧಾನದ ಮಾತು ಬರುತ್ತದೆಂದುಕೊಂಡೆ. ಬಂದಿದ್ದರೆ ಎದ್ದು ಹೋಗುತ್ತಿದ್ದೆ. ಅವರು ತಲೆಯಾಡಿಸಿದರು.

"ಗೊತ್ತು. ಸಂಜೆ ನಿಮ್ಮ ಫೋನ್ ಬರೋ ಹೊತ್ತಲ್ಲಿ ನಾನು ಮಾಡಲ್ಲ. ಯಾವತ್ತೂ ಮಾಡಿಲ್ಲ."

ಇಷ್ಟು ವರ್ಷ ಆ ಒಂದು ಗಂಟೆಯನ್ನು ನನಗಾಗಿ ಯಾರೋ ಕಾದಿಟ್ಟಿದ್ದರು, ಅದು ನನಗೆ ತಿಳಿದೇ ಇರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ದೊಡ್ಡ ಬಿಳಿಯ ಕಡಲಹಕ್ಕಿ ಎರಗಿ, ಡಬ್ಬಿಗೆ ಕೊಕ್ಕು ಹಾಕಿ ಒಂದು ಕೋಡುಬಳೆ ಎತ್ತಿಕೊಂಡು ಹಾರಿತು. ಶ್ರೀಕಂಠ ಅವರು ಟೊಪ್ಪಿಗೆ ಬೀಸುತ್ತ ನಾಲ್ಕು ಹೆಜ್ಜೆ ಅಟ್ಟಿಸಿಕೊಂಡು ಹೋದರು. ಹಕ್ಕಿ ಕಟ್ಟೆಯ ಕಂಬದ ಮೇಲೆ ಕೂತು ಕೋಡುಬಳೆಯನ್ನು ಅತ್ತ ತಿರುಗಿಸಿತು, ಇತ್ತ ತಿರುಗಿಸಿತು, ಮುರಿಯಲು ನೋಡಿತು. ಕೊನೆಗೆ ನೀರಿಗೆ ಬಿಟ್ಟು ಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮುಂದಿನ ಸಲ ಹಿಟ್ಟಿಗೆ ಕಾಯಿಸಿದ ಎಣ್ಣೆ ಜಾಸ್ತಿ ಹಾಕುತ್ತೇನೆ ಎಂದು ಬಹಳ ಗಂಭೀರವಾಗಿ ಹೇಳಿದರು.

ಮರಳು

ಅಕ್ಕ ಬೀದಿಯ ಪಕ್ಕದ ಸಣ್ಣ ಮರಳಿನ ದಂಡೆಯಲ್ಲಿ, ಪ್ಯಾಂಟು ಮೊಣಕಾಲಿಗೆ ಮಡಚಿ, ನೀರಿನಲ್ಲಿ ಒಬ್ಬಳೇ ನಿಂತಿದ್ದಳು. ಬೂಟು ದಂಡೆಯ ಮೇಲೆ ಬಿದ್ದಿತ್ತು. ಶ್ರೀಕಂಠ ಅವರು ದೂರದಲ್ಲೇ ನಿಂತು, ನೀವು ಹೋಗಿ ಎಂದು ಸನ್ನೆ ಮಾಡಿದರು. ನಾನೂ ಬೂಟು ಕಳಚಿ, ಸಲವಾರು ಎತ್ತಿಕೊಂಡು ಇಳಿದೆ. ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿನ ಸಾರಿನ ಹಾಗೆ. ಇಲ್ಲಿನ ನೀರು ಮೂಳೆಗೆ ಕಚ್ಚಿತು. ಅಕ್ಕನ ಪಕ್ಕ ಹೋಗಿ ನಿಂತೆ. ಅವಳು ಅತ್ತಿದ್ದಳು.

"ಸಿಟ್ಟು ಹೋತೇನು?" ಎಂದು ಕೇಳಿದಳು.

"ಇಲ್ಲ."

"ಇರ್ಲಿ. ಸಿಟ್ಟಿನ್ಯಾಗೇ ನಿಂದ್ರು."

ನಿಂತೆವು. ಕಾಲು ಮರಗಟ್ಟುವ ತನಕ ನಿಂತೆವು. ಬೇಡ ಅನ್ನಲು ನನಗೆ ಅಧಿಕಾರ ಕೊಡಬೇಡ, ಅದು ನನಗೆ ಬೇಕಿಲ್ಲ ಎಂದು ಹೇಳಿದೆ. ಮಹಡಿಯ ಕೋಣೆ ಹಾಗೇ ಇರುತ್ತದೆ, ಬಂದಾಗ ಇಬ್ಬರೂ ಇರಿ ಎಂದೂ ಹೇಳಿದೆ. ಅಕ್ಕ ನನ್ನ ತೋಳು ಹಿಡಿದುಕೊಂಡಳು. ಅವಳ ಅಂಗೈ ಬೆವರಿತ್ತು. ಹಿಂತಿರುಗಿ ನೋಡಿದರೆ, ನಮ್ಮಿಬ್ಬರ ಬೂಟುಗಳನ್ನೂ ಅಲೆಗೆ ಸಿಗದಂತೆ ಎತ್ತಿ ಕೈಯಲ್ಲಿ ಹಿಡಿದುಕೊಂಡು ಶ್ರೀಕಂಠ ಅವರು ಬೇರೆ ಕಡೆ ನೋಡುತ್ತ ನಿಂತಿದ್ದರು.

ಮರಳಿ ಬರುವಾಗ ಸಮುದ್ರ ಶಾಂತವಾಗಿತ್ತು. ಲಾಂಗ್ ಬೀಚಿನ ಪಾರ್ಕಿಂಗಿನಲ್ಲಿ ಅವರ ಕಾರು ಉತ್ತರಕ್ಕೆ, ನಮ್ಮದು ದಕ್ಷಿಣಕ್ಕೆ ಹೋಗಬೇಕಿತ್ತು. ಅಕ್ಕ ಕೀಲಿ ಹುಡುಕುತ್ತಿದ್ದಳು. ಹೆಣ್ಣಿನ ಕಡೆಯವಳಾಗಿ ಅಲ್ಲಿ ಇದ್ದವಳು ನಾನೊಬ್ಬಳೇ. ಹಾಗಾಗಿ ನಾನೇ ಹೇಳಬೇಕಾಯಿತು.

"ನಾಳೆ ಮನಿಗೆ ಊಟಕ್ಕ ಬರ್ರಿ. ಹೋಳಿಗಿ ಮಾಡ್ತೀನಿ."

ನಾಳೆ ಸೋಮವಾರ ಎಂದು ಅಕ್ಕ ಮೆಲ್ಲಗೆ ಹೇಳಿದಳು. ಶ್ರೀಕಂಠ ಅವರು ಟೊಪ್ಪಿಗೆ ತೆಗೆದು, ರಜಾ ಹಾಕುತ್ತೇನೆ ಎಂದರು. ಕಾರಿನಲ್ಲಿ ಕುಳಿತ ಮೇಲೆ ಅಕ್ಕನಿಗೆ ಸ್ವಲ್ಪ ಹೊತ್ತು ಎಂಜಿನ್ ಸ್ಟಾರ್ಟ್ ಮಾಡುವುದೇ ಮರೆತುಹೋಗಿತ್ತು.

ಸೋಮವಾರ, ಅಡುಗೆಮನೆ

ನನಗೆ ಹೋಳಿಗೆ ಮಾಡಲು ಬರುವುದಿಲ್ಲ. ಜೀವಮಾನದಲ್ಲಿ ಮಾಡಿದವಳಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಯಲ್ಲಿ ನಿಂತಾಗ ಇದು ಹೊಳೆಯಿತು. ಅಕ್ಕನೂ ಎಷ್ಟೋ ವರ್ಷಗಳಿಂದ ಅಂಗಡಿಯದನ್ನೇ ತರುವವಳು. ಹುಬ್ಬಳ್ಳಿಗೆ ಫೋನು ಹಚ್ಚಿದೆ. ಅಲ್ಲಿ ರಾತ್ರಿ ಊಟದ ಹೊತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಎತ್ತಿದರು. ಹೂರಣಕ್ಕೆ ಬೇಳೆ ಎಷ್ಟು ಬೇಯಿಸಬೇಕು ಎಂದು ಕೇಳಿದೆ.

ವೈನಿಗೆ ನಗು ಬಂತು. ನೀನು ಹೋಳಿಗೆ ಮಾಡುವಷ್ಟು ದೊಡ್ಡವರು ಯಾರು ಬರುತ್ತಿದ್ದಾರೆ ಎಂದು ಕೇಳಿದರು. ಅಣ್ಣನಿಗೆ ನಿಧಾನವಾಗಿ, ಊರಿಗೆ ಹೋದ ಮೇಲೆ, ಎದುರಿಗೆ ಕೂತು ಹೇಳೋಣವೆಂದು ಅಕ್ಕನೂ ನಾನೂ ಕಾರಿನಲ್ಲಿ ಮಾತಾಡಿಕೊಂಡಿದ್ದೆವು. ಆದರೆ ಕೇಳಿದ್ದಕ್ಕೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅಕ್ಕನ್ನ ನೋಡ್ಲಿಕ್ಕೆ ಗಂಡು ಬರ್ಲಿಕ್ಕೆ ಹತ್ತೇದ ವೈನಿ," ಎಂದೆ.

ಅತ್ತ ಕಡೆ ನಗು ನಿಂತಿತು. ವೈನಿ ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವರು. ತಾಟಿನ ಮೇಲೆ ಸಾರಿನ ವಾಟಗ ಇಟ್ಟ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಇತ್ತ ಅಕ್ಕ ಫ್ರಿಜ್ಜಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಯಾವ ಊರಾಂವ?" ಸ್ವಲ್ಪ ದೂರದಿಂದ ಅಣ್ಣನ ದನಿ.

ಮೈಸೂರಿನವರು, ಒಳ್ಳೆಯವರು, ನಾನು ನೋಡಿದ್ದೇನೆ ಎಂದು ಹೇಳಿದೆ. ಹೆಂಡತಿ ಇಲ್ಲ, ಮೊಣಕಾಲು ಸ್ವಲ್ಪ ಸರಿಯಿಲ್ಲ ಎನ್ನುವುದನ್ನೂ ಹೇಳಿದೆ. ಅಣ್ಣ ನೀರು ಕುಡಿದ ಸದ್ದು ಬಂತು. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

"ಹಂಗಾರ ಕಡ್ಲಿಬ್ಯಾಳಿ ಹಾಕಬ್ಯಾಡ್ರಿ," ಎಂದ ಅಣ್ಣ. "ಅವರ ಕಡೆ ತೊಗರಿಬ್ಯಾಳೀಲೆ ಮಾಡ್ತಾರ."

ಅಕ್ಕ ಮುಖ ಒರೆಸಿಕೊಂಡು, ಕಪಾಟು ತೆಗೆದು, ತೊಗರಿಬೇಳೆಯ ಡಬ್ಬಿ ಹುಡುಕತೊಡಗಿದಳು.